ಮೋನಿಷಾಳ ಮುಟ್ಟಾಳೆ

"ತಲೆ ಸ್ವಲ್ಪ ಬಗ್ಗಿಸಿ ಅಂಕಲ್, ಬಸ್ ಏಕ್ ಮಿನಿಟ್," ಎನ್ನುತ್ತ ಮೋನಿಷಾ ಟೊಪ್ಪಿ ಹಿಡಿದು ಬಂದಾಗ, ಸಪ್ಲೈಯರ್ ಐತಪ್ಪ ಕಾಫಿ ಲೋಟಗಳ ತಟ್ಟೆಯ ಸಮೇತ ಹಿಂದಕ್ಕೆ ಸರಿದ.

ಮೋನಿಷಾ ದೆಹಲಿಯ ಕರೋಲ್ ಬಾಗಿನ ಈ ದೋಸೆ ಹೋಟೆಲಿನ ಮಾಲೀಕ ವಿಠಲರ ಮಗಳು. ಗಂಡಸರ ಬಟ್ಟೆಗಳ ಡಿಸೈನರ್. ಅಂದರೆ ಒಂದು ಗುಂಡಿ ಹೊಲಿಯಲೂ ಬಾರದು. ಬೇರೆಯವರು ಹೊಲಿದದ್ದಕ್ಕೆ ತನ್ನ ಹೆಸರಿನ ಪಟ್ಟಿ ಹಚ್ಚಲು ಮಾತ್ರ ಚೆನ್ನಾಗಿ ಬರುತ್ತದೆ. ಈಚೆಗೆ ಅಪ್ಪನ ಊರಿಗೆ ಹೋದವಳು ಅಡಿಕೆ ಹಾಳೆಯ ಮುಟ್ಟಾಳೆ ಕಂಡು ಮರುಳಾಗಿ ಬಂದಿದ್ದಳು. ಗದ್ದೆಯ ಆಳುಗಳು ತಲೆಗಿಡುವ ಆ ಟೊಪ್ಪಿಗೆ ಜರಿಯ ಅಂಚು ಕಟ್ಟಿಸಿ, ಗುರುಗ್ರಾಮದ ಷೋ ಒಂದರಲ್ಲಿ ಗಡ್ಡದ ಹುಡುಗರ ತಲೆಗೇರಿಸಿದಳು. ಒಂದು ಹೊರೆ ಹುಲ್ಲನ್ನೂ ಹೊತ್ತಿರದ ಆ ತಲೆಗಳಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಮಿಕ್ಕ ಟೊಪ್ಪಿಗಳು ಈಗ ಸಪ್ಲೈಯರುಗಳ ಪಾಲಿಗೆ ಬಂದಿದ್ದವು.

"ಪಪ್ಪಾ, ಇವರಿಗೆ ನೀವೇ ಹೇಳಿ. ಇದು ನಮ್ಮ ಹೆರಿಟೇಜ್ ಹೈ ನಾ?"

"ಹಾಕಿಕೊ ಐತಪ್ಪ," ಎಂದರು ವಿಠಲರು, ಗಲ್ಲಾದಿಂದಲೇ. "ನಿನ್ನ ಅಪ್ಪ ಹಾಕ್ತಿದ್ದದ್ದೇ ಅಲ್ವಾ?"

"ಹಾಕ್ತಿದ್ರು ಧಣಿ. ನಿಮ್ಮ ಅಂಗಳಕ್ಕೆ ಬಂದ ಕೂಡ್ಲೇ ತೆಗೆದು ಕಂಕುಳಲ್ಲಿ ಇಟ್ಕೊಳ್ತಿದ್ರು. ಜಡಿಮಳೆ ಬಂದ್ರೂ ನಿಮ್ಮ ಅಪ್ಪಯ್ಯನ ಎದುರು ತಲೆಗೆ ಇಡ್ಲಿಕ್ಕಿಲ್ಲ. ಅದನ್ನು ನೋಡ್ಲಿಕ್ಕಾಗದೆ ನಾನು ಊರು ಬಿಟ್ಟದ್ದು. ನನ್ನಿಂದ ಆಗ್ಲಿಕ್ಕಿಲ್ಲ."

ವಿಠಲರ ಮುಖ ಕೆಂಪಾಯಿತು. ಊರಿನ ಗದ್ದೆಗಳೆಲ್ಲ ಎಂದೋ ಒಕ್ಕಲುಗಳ ಪಾಲಾಗಿದ್ದರೂ ಈ ಮನುಷ್ಯ ಧಣಿತನವೊಂದನ್ನು ಜೋಪಾನವಾಗಿ ದೆಹಲಿಗೆ ಕಟ್ಟಿಕೊಂಡು ಬಂದಿದ್ದರು.

"ಆಗ್ಲಿಕ್ಕಿಲ್ಲವಾದ್ರೆ ನಾಳೆಯ ರೈಲಿಗೆ ಊರಿಗೆ ಹೋಗು," ಎಂದರು.

ಐತಪ್ಪನ ಮಗಳ ನರ್ಸಿಂಗ್ ಓದು ಇನ್ನೂ ಮುಗಿದಿರಲಿಲ್ಲ. ಆದರೂ ಅವನು ತಲೆ ಬಗ್ಗಿಸಲಿಲ್ಲ.

"ಅಚ್ಛಾ, ಜಗಳ ಬೇಡ," ಎಂದು ಮೋನಿಷಾ ಫೋನು ಎತ್ತಿದಳು. "ಪಪ್ಪಾ, ಪೆಹಲೇ ನೀವು ಹಾಕಿ. ವಿಡಿಯೋ ಮಾಡ್ತೀನಿ. ಮಾಲೀಕರೇ ಹಾಕಿದ್ರೆ ಇವರೂ ಹಾಕ್ತಾರೆ."

ಕ್ಯಾಮೆರಾ ಎಂದರೆ ವಿಠಲರಿಗೆ ಪ್ರಾಣ. ಅವರ ವಂಶದಲ್ಲಿ ಯಾರೂ ತಲೆಗಿಡದ ಮುಟ್ಟಾಳೆಯನ್ನು ಇಟ್ಟುಕೊಂಡು, ಮೇಜುಗಳ ನಡುವೆ ಹೊಟ್ಟೆ ಒಳಗೆಳೆದು ನಿಂತರು.

ಪಕ್ಕದ ಮೇಜಿನವನು ಅವರನ್ನು ಮೇಜು ಒರೆಸುವ ಆಳೆಂದು ತಿಳಿದು ಚಿಟಿಕೆ ಹೊಡೆದ. "ಏ ಟೋಪಿವಾಲೇ! ಟೇಬಲ್ ಸಾಫ್ ಕರ್. ಕಬ್ ಸೇ ಬೈಠಾ ಹೂಂ!"

ಗಿರಾಕಿಯ ಗದರಿಕೆಗೆ ಹೋಟೆಲಿನವನ ಮೈ ತಾನಾಗಿ ಬಾಗುತ್ತದೆ. "ಆಯಾ ಸಾಬ್," ಎಂದುಬಿಟ್ಟರು ವಿಠಲರು. ಮರುಕ್ಷಣ ನಾಚಿಕೆಯಾಗಿ ಟೊಪ್ಪಿ ಕಿತ್ತರು. ಇಡೋಣವೆಂದರೆ ಸುತ್ತಲ ಮೇಜುಗಳೆಲ್ಲ ಸಾಂಬಾರಿನ ಬಟ್ಟಲುಗಳಿಂದ ತುಂಬಿದ್ದವು. ಕಂಕುಳಿಗೆ ಸಿಕ್ಕಿಸಿಕೊಂಡರು.

ಮೋನಿಷಾಳ ಫೋನು ಇನ್ನೂ ಓಡುತ್ತಲೇ ಇತ್ತು. ಐತಪ್ಪ ಧಣಿಯ ಕಂಕುಳನ್ನೇ ಒಂದು ಗಳಿಗೆ ನೋಡಿದ. ಆಮೇಲೆ ತಟ್ಟೆ ಕೆಳಗಿಟ್ಟು, ಹೆಗಲ ಬಟ್ಟೆ ತೆಗೆದುಕೊಂಡು, ಬರಿದಲೆಯಲ್ಲಿ ಆ ಮೇಜು ಒರೆಸಲು ಹೋದ.