ಹಿರಿಯ ತೋರಿಸದ ಪುಟಗಳು

ದೀಕ್ಷಾಸ್ನಾನ ಪಡೆದ ಹೊಸತರಲ್ಲಿ ಬೇಕರಿಯ ಹೆಂಗಸೊಬ್ಬಳಿಗೆ ಬೈಬಲನ್ನು ಎಲ್ಲಿಂದ ಶುರುಮಾಡುವುದೆಂದೇ ತಿಳಿಯಲಿಲ್ಲ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಸೇರುತ್ತಿದ್ದ ಸಭೆಯ ಹಿರಿಯ ಆ ಚಿಂತೆಯನ್ನೂ ತಾನೇ ಹೊತ್ತುಕೊಂಡ.

"ನೀನಾಗೇ ಓದಕ್ಕೆ ಹೋಗ್ಬೇಡಮ್ಮ, ದಾರಿ ತಪ್ತೀಯ. ಯಾವ ವಚನ ಓದ್ಬೇಕು ಅಂತ ನಾನು ಹೇಳ್ತೀನಿ."

ಅವಳಿಗೆ ಹಾಯೆನಿಸಿತು. ಗಂಡ ಬಿಟ್ಟುಹೋದಾಗಿನಿಂದ ಎಲ್ಲವನ್ನೂ ಒಬ್ಬಳೇ ತೀರ್ಮಾನಿಸಿ ಸಾಕಾಗಿತ್ತು.

ಅಣ್ಣನ ಮನೆಯಲ್ಲಿದ್ದ ಅವಳ ಅಮ್ಮ ಈ ಹೊಸ ದಾರಿಗೆ ಸಿಡುಕಿರಲಿಲ್ಲ. "ನೆಮ್ಮದಿ ಸಿಕ್ತಲ್ಲ, ಸಾಕು ಬಿಡು. ಪ್ರಾರ್ಥನೆ ಮುಗಿಸ್ಕೊಂಡು ಊಟಕ್ಕೆ ಬಾ. ನಿಮ್ಮ ದೇವ್ರೇನು ಉಪವಾಸ ಕೆಡವಲ್ವಲ್ಲ?" ಎಂದು ನಕ್ಕಿದ್ದಳು. ಭಾನುವಾರಗಳ ಆ ಊಟವನ್ನೂ ಹಿರಿಯ ಮೆಲ್ಲಗೆ ಬಿಡಿಸಿದ.

ಒಂದು ಮಧ್ಯಾಹ್ನ ಅಣ್ಣ ಬೇಕರಿಗೇ ಬಂದ. ಅವಳ ಕೈ ಹಿಟ್ಟಿನಲ್ಲಿತ್ತು.

"ಅಮ್ಮ ಹಾಸಿಗೆ ಹಿಡಿದಿದಾಳೆ, ಮಾತ್ರೆನೂ ನುಂಗ್ತಿಲ್ಲ ಕಣೆ. ನಿನ್ನೇ ಕೇಳ್ತಿದಾಳೆ. ಬಾ."

"ಸಂಜೆ ಬರ್ತೀನಿ," ಎಂದಳು. ಸಂಜೆ ಹೋದದ್ದು ಮಾತ್ರ ಹಿರಿಯನ ಅಪ್ಪಣೆ ಕೇಳಲು. ಮನೆಮಠ ಬಿಟ್ಟು ಯೇಸುವಿನ ಹಿಂದೆ ಹೋಗಬೇಕೆನ್ನುವ ಒಂದು ಸಾಲಿನ ಮೇಲೆ ಅವನು ಬೆರಳಿಟ್ಟ. "ಇದು ನಿನ್ನ ಪರೀಕ್ಷೆ. ಒಂದು ಹೆಜ್ಜೆ ಒಳಗಿಟ್ರೆ ನಿನ್ನ ಎಳ್ಕೊಂಡುಬಿಡ್ತಾರೆ."

ಅವಳು ಹೋಗಲಿಲ್ಲ. ಅಮ್ಮ ತೀರಿಕೊಂಡ ಸುದ್ದಿಯನ್ನು ಬ್ರೆಡ್ ಕೊಳ್ಳಲು ಬಂದ ನೆರೆಯವಳೊಬ್ಬಳು ಹೇಳಿದಳು. ಅಷ್ಟರಲ್ಲಿ ಅಂತ್ಯಕ್ರಿಯೆಯೂ ಮುಗಿದಿತ್ತು.

ಹಿರಿಯ ಅವಳನ್ನು ಸಭೆಯೆದುರು ನಿಲ್ಲಿಸಿ, ಪರೀಕ್ಷೆಯಲ್ಲಿ ಗೆದ್ದಳೆಂದು ಹೊಗಳಿದ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವ ಮೊದಲೇ ಅವಳು ಹಿಂದಿನ ಸಾಲಿಗೆ ಹೋಗಿ ಕೂತಳು. ಅಂದಿನಿಂದ ಅವಳು ಹಿರಿಯನನ್ನು ಕೇಳದೆಯೇ ಓದತೊಡಗಿದಳು. ಒಂದು ಸುವಾರ್ತೆಯನ್ನು ಹಿಡಿದು, ಒಂದು ಸಾಲೂ ಬಿಡದೆ, ಕೊನೆಯವರೆಗೆ. ಶಿಲುಬೆಯ ಮೇಲೆ ಪ್ರಾಣ ಹೋಗುತ್ತಿರುವಾಗಲೂ ಯೇಸು ಕೆಳಗೆ ನಿಂತ ತಾಯಿಯನ್ನು ನೋಡುತ್ತಾನೆ. ಆ ತಾಯಿಯನ್ನು ನೋಡಿಕೊಳ್ಳಲೆಂದು ಶಿಷ್ಯನೊಬ್ಬನಿಗೆ ಒಪ್ಪಿಸುತ್ತಾನೆ. ಅವಳು ಅದನ್ನೇ ಮತ್ತೆ ಮತ್ತೆ ಓದಿದಳು.

"ಈ ಪುಟ ನಂಗ್ಯಾಕೆ ತೋರಿಸ್ಲಿಲ್ಲ?" ಎಂದು ಹಿರಿಯನನ್ನು ಕೇಳಿದಳು.

"ನಿಂಗೆ ಓದು ಅಂದೋರ್ಯಾರು?"

ಅವಳು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಬಸ್ ನಿಲ್ದಾಣದ ಹಿಂದೆ ಒಂದು ಸಣ್ಣ ಚರ್ಚು, ಅಲ್ಲಿ ಕೆಮ್ಮುತ್ತ ಬೋಧಿಸುವ ವಯಸ್ಸಾದ ಪಾಸ್ಟರು. ಒಂದು ಭಾನುವಾರ ಅಲ್ಲಿಗೆ ಹೋಗಿ, ಆರಾಧನೆ ಮುಗಿದ ಮೇಲೆ ಅವಳು ಬಾಗಿಲಲ್ಲೇ ಅವರನ್ನು ತಡೆದು ನಿಲ್ಲಿಸಿದಳು.

"ಇಲ್ಲಿ ನಾನೇ ಓದಬಹುದಾ? ಅರ್ಥ ಆಗದಿದ್ರೆ ಎದುರು ಕೇಳಬಹುದಾ?"

"ಧಾರಾಳವಾಗಿ. ನಂಗೂ ಎಲ್ಲಾ ಗೊತ್ತಿಲ್ಲಮ್ಮ."

"ಮನೆಯವರನ್ನ ಬಿಡಬೇಕಾ?"

ಅವರು ಅವಳ ಮುಖ ನೋಡಿದರು. "ಯಾರನ್ನ ಬಿಟ್ಟು ಬಂದೆ?"

ಅವಳು ಎಲ್ಲವನ್ನೂ ಹೇಳಿದಳು. ಪಾಸ್ಟರು ಸಮಾಧಾನದ ಮಾತಾಡಲಿಲ್ಲ. "ಮೊದ್ಲು ಅಣ್ಣನ ಮನೆಗೆ ಹೋಗು. ಚರ್ಚು ಎಲ್ಲೂ ಓಡಿಹೋಗಲ್ಲ," ಎಂದರು.

ಅತ್ತಿಗೆ ಬಾಗಿಲು ತೆರೆದಳು. ಅವಳ ಹಿಂದೆಯೇ ಅಣ್ಣ ಬಂದು ಅಡ್ಡ ನಿಂತ.

"ಯಾರ ಸದ್ದಾದ್ರೂ ನೀನೇ ಬಂದೆ ಅಂತ ಅಮ್ಮ ತಲೆ ಎತ್ತೋಳು," ಎಂದ. "ಈಗ ಯಾರನ್ನ ನೋಡಕ್ಕೆ ಬಂದೆ?"

"ತಪ್ಪಾಯ್ತಣ್ಣ."

"ಅದನ್ನ ಅಮ್ಮಂಗೆ ಹೇಳ್ಬೇಕಿತ್ತು," ಎಂದು ಬಾಗಿಲು ಹಾಕಿಕೊಂಡ.

ಮುಂದಿನ ಭಾನುವಾರ ಊಟದ ಹೊತ್ತಿಗೆ ಚರ್ಚಿನಿಂದ ಅವಳು ನೇರ ಅಣ್ಣನ ಮನೆಗೇ ಹೋದಳು. ಒಳಗೆ ತಟ್ಟೆಗಳ ಸದ್ದು ಕೇಳುತ್ತಿತ್ತು. ಬಾಗಿಲು ತಟ್ಟಿದಳು. ಸದ್ದು ನಿಂತಿತು. ಯಾರೂ ಬಂದು ತೆರೆಯಲಿಲ್ಲ.