ಅನಾರಾ ಕೊಟ್ಟ ತುಪ್ಪ

ಊರು ಬಿಟ್ಟು ಪರದೇಶದ ಪ್ಲೇನ್‌ಫೀಲ್ಡಿಗೆ, ಮಗನ ಮನೆಗೆ ಬಂದಾಗಿನಿಂದ ಗುರುಲಿಂಗಪ್ಪನವರಿಗೆ ಊಟ ಸೇರುತ್ತಿರಲಿಲ್ಲ. ಅರ್ಧ ರೊಟ್ಟಿ ಮುರಿದು "ಸಾಕವ್ವಾ" ಎಂದು ಕೈ ತೊಳೆದುಬಿಡುತ್ತಿದ್ದರು. ಸೊಸೆ ಪದ್ಮ ಮಾಡದ ಪಲ್ಯವಿಲ್ಲ, ಅರೆಯದ ಚಟ್ನಿಯಿಲ್ಲ. ಎರಡೇ ತಿಂಗಳಲ್ಲಿ ಮಾವನ ಅಂಗಿ ಹೆಗಲಿನಿಂದ ಜಾರತೊಡಗಿತು. ಹೀಗೇ ಆದರೆ ಆಸ್ಪತ್ರೆಗೆ ಸೇರಿಸಬೇಕಾದೀತು ಎಂದು ಡಾಕ್ಟರು ಹೇಳಿದ ಮೇಲಂತೂ ಅವಳಿಗೆ ನಿದ್ದೆಯೇ ಇಲ್ಲ.

ಆಗ ಪಕ್ಕದ ಮನೆಯ ಕಿರ್ಗಿಜ್ ಹೆಂಗಸು ಅನಾರಾ ಒಂದು ಬಾಟಲಿ ತುಪ್ಪ ಕೊಟ್ಟಳು. ಹಳದಿ ಬಣ್ಣ, ತುಸು ಹುಳಿ ವಾಸನೆ. ರೊಟ್ಟಿಗೆ ಸವರಿ ಕೊಟ್ಟರೆ ಮುದುಕರು ಮೂರು ತಿಂದರು! "ನಮ್ಮವ್ವ ಕಾಸಿದ್ದು ಹಿಂಗ ಇರ್ತಿತ್ತು ನೋಡು" ಎಂದರು. ಪದ್ಮಳಿಗೆ ಹೋದ ಜೀವ ಬಂದಂತಾಯಿತು.

ಇಪ್ಪತ್ತು ದಿನಕ್ಕೆ ಬಾಟಲಿ ತಳ ಕಂಡಿತು. ಇನ್ನಷ್ಟು ಕೇಳಲು ಹೋದಾಗ ಅನಾರಾ ಗರಾಜಿನ ಫ್ರಿಜ್ಜಿನಿಂದ ದಾರ ಕಟ್ಟಿದ ದುಂಡನೆಯ ಚೀಲವೊಂದನ್ನು ಎತ್ತಿದಳು. "ಶೀಪ್ ಸ್ಟಮಕ್!" ಎಂದು ತನ್ನ ಹೊಟ್ಟೆ ತಟ್ಟಿ ತೋರಿಸಿ ಹೆಮ್ಮೆಯಿಂದ ನಕ್ಕಳು. ಕುದುರೆಯ ಮೇಲೆ ಬೆಟ್ಟ ಬೆಟ್ಟ ಅಲೆದ ಅವಳ ಹಿರಿಯರು ಗಡಿಗೆ ಹೊತ್ತು ತಿರುಗುವುದುಂಟೇ? ಕುರಿಯ ಜಠರವನ್ನು ತೊಳೆದು, ಕಾಸಿದ ಬೆಣ್ಣೆ ತುಂಬಿ ಬಾಯಿ ಕಟ್ಟಿದರೆ ವರ್ಷ ಕಳೆದರೂ ಕೆಡದಂತೆ. ಅದರಿಂದಲೇ ಬಾಟಲಿಯನ್ನು ಮತ್ತೆ ತುಂಬಿ ಕೊಟ್ಟಳು.

ಬಾಯಲ್ಲಿ ಬಿಸಿ ತುಪ್ಪ ಅನ್ನುತ್ತಾರಲ್ಲ, ಪದ್ಮಳದು ಈಗ ಅದೇ ಪಾಡು. ಮಾವ ಲಿಂಗಪೂಜೆಯಾಗದೆ ನೀರು ಮುಟ್ಟದವರು. ಮೊಟ್ಟೆ ಹಾಕಿದ್ದಾರೆಂದು ಮೊಮ್ಮಗಳ ಬರ್ತ್‌ಡೇ ಕೇಕನ್ನೂ ತಿನ್ನದವರು.

"ಬಾಯಿ ಬಿಡಬ್ಯಾಡ. ಅಪ್ಪ ಮತ್ತ ಉಪವಾಸ ಬೀಳ್ತಾನ," ಎಂದ ಗಂಡ.

ಅವಳು ಬಾಯಿ ಬಿಡಲಿಲ್ಲ. ಆದರೆ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಒರೆಸಿದ ಕೌಂಟರನ್ನೇ ಮತ್ತೆ ಒರೆಸಿದಳು. ಲೆಮಾಂಟಿನ ಗುಡಿಯವರೆಗೆ ಡ್ರೈವ್ ಮಾಡಿ ಹೋಗಿ, ಕಾರಿನಿಂದ ಇಳಿಯದೆ ಹಾಗೇ ಹಿಂತಿರುಗಿದಳು. ಮಾವ ಚಪ್ಪರಿಸಿ ತಿಂದಷ್ಟೂ, ನಂಬಿದ ಜೀವಕ್ಕೆ ಮೋಸ ಮಾಡುತ್ತಿದ್ದೇನೆ ಎಂಬ ನಾಚಿಕೆ ಅವಳನ್ನು ಸುಡುತ್ತಿತ್ತು. ನಾಲ್ಕನೆಯ ದಿನ ಮಧ್ಯಾಹ್ನ, ಅವರು ಎರಡನೆಯ ರೊಟ್ಟಿಗೆ ಕೈ ಹಾಕಿದಾಗ, ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟಳು.

ಒಂದು ಗಳಿಗೆ ಅವಳ ಎದೆ ಹಗುರಾಯಿತು.

ಗುರುಲಿಂಗಪ್ಪನವರು ಸಿಟ್ಟಾಗಲಿಲ್ಲ. ಕೈಯಲ್ಲಿದ್ದ ತುತ್ತನ್ನು ಮೆಲ್ಲಗೆ ತಟ್ಟೆಗೆ ಇಳಿಸಿದರು.

"ಗೊತ್ತಿಲ್ದ ತಿಂದದ್ದಕ್ಕ ದೋಷ ಇಲ್ಲ, ಯವ್ವಾ," ಎಂದರು. "ಈಗ ಗೊತ್ತಾತು. ಇನ್ನ ಹೆಂಗ ತಿನ್ನಲಿ? ನನಗ ಇನ್ನೂ ಹಸಿವಿ ಐತಿ."