ಹೊಲಿದು ಮುಚ್ಚಿದ ಪ್ಯಾಂಟಿನ ನಗು

ನಮ್ಮಪ್ಪ ಬಸ್ ಡ್ರೈವರ್. ಕ್ಯಾಮೆರಾ ಕಂಡರೆ ಸಾಕು, ಎದುರಿಗೆ ಲಾರಿ ನುಗ್ಗಿ ಬಂದಂತೆ ಮುಖ ಬಿಗಿಯುತ್ತಾರೆ. ಮದುವೆಯ ಫೋಟೊದಲ್ಲೂ ಅದೇ ಲಾರಿ. ಬಟ್ಟೆ ಹೊಲಿಯುವ ನಮ್ಮಮ್ಮನಿಗೆ ಅಂದಿನಿಂದ ಇದೊಂದೇ ಕೊರಗು: ಗಂಡ ನಗುತ್ತಿರುವ ಒಂದಾದರೂ ಫೋಟೊ ಬೇಕು.

ಹೋದ ಭಾನುವಾರ ಅಮ್ಮ ಮಾತಿನ ಭರದಲ್ಲಿ ಅಪ್ಪನ ಹೊಸ ಪ್ಯಾಂಟಿನ ಒಂದು ಕಾಲಿನ ತುದಿಯನ್ನೇ ಹೊಲಿದು ಮುಚ್ಚಿಬಿಟ್ಟಿದ್ದಳು. ಅಪ್ಪ ಕಾಲು ತೂರಿಸಿದರು, ಪಾದ ಹೊರಗೆ ಬರಲೇ ಇಲ್ಲ. ಅಮ್ಮ ಕತ್ತರಿ ತರಲು ಒಳಗೆ ಓಡಿದಳು. ಇತ್ತ ಅಪ್ಪ ಒಂಟಿ ಕಾಲಲ್ಲಿ ಕುಣಿಯುತ್ತಾ ಬಿದ್ದು ಬಿದ್ದು ನಕ್ಕರು. ನಾನು ಕ್ಲಿಕ್ಕಿಸಿದೆ. ಅಮ್ಮ ಬರುವಷ್ಟರಲ್ಲಿ ಲಾರಿ ವಾಪಸ್ ಬಂದಿತ್ತು.

"ಆ ರೀಲು ಯಾರ ಕೈಗೂ ಕೊಡ್ಬೇಡ, ಕಳೆದುಹಾಕ್ತಾರೆ. ನೀನೇ ತೊಳಿ," ಅಂದಳು ಅಮ್ಮ.

ನನಗೆ ಗೊತ್ತಿದ್ದುದು ಸೊನ್ನೆ, ಹುಮ್ಮಸ್ಸು ಮಾತ್ರ ಬೆಟ್ಟದಷ್ಟು. ಚಿತ್ರ ಮೂಡಿಸುವ ಡೆವಲಪರ್, ಅದು ಅಳಿಯದಂತೆ ಉಳಿಸುವ ಫಿಕ್ಸರ್, ಒಂದು ಡಬ್ಬಿ, ಅದರೊಳಗೆ ಫಿಲ್ಮ್ ಸುತ್ತಿಡುವ ಪ್ಲಾಸ್ಟಿಕ್ ಚಕ್ರ ಎಲ್ಲವನ್ನೂ ಹೊತ್ತು ತಂದೆ. ಕಗ್ಗತ್ತಲಲ್ಲಿ ಫಿಲ್ಮನ್ನು ಚಕ್ರಕ್ಕೆ ಸುತ್ತಿ, ಡಬ್ಬಿಗಿಳಿಸಿ, ಮುಚ್ಚಳ ಬಿಗಿಯಬೇಕು. ಆಮೇಲೆ ದೀಪ ಹಾಕಿದರೂ ಚಿಂತೆಯಿಲ್ಲ. ಅದಕ್ಕೆ ಮೊದಲು ಒಂದೆಳೆ ಬೆಳಕು ಬಿದ್ದರೂ ಅಪ್ಪನ ನಗು ಢಮಾರ್.

ನಮ್ಮ ಮನೆಯಲ್ಲಿ ಪೂರಾ ಕತ್ತಲಾಗುವ ಜಾಗ ಬಾತ್‌ರೂಮ್ ಒಂದೇ. ಬಾತ್‌ರೂಮ್ ಇರುವುದೂ ಒಂದೇ. ಸಂಜೆ ಕತ್ತಲಾದ ಮೇಲೆ ಅಮ್ಮನೂ ನಾನೂ ಒಳಹೊಕ್ಕು ಬಾಗಿಲ ಸಂದಿಗೆ ಕೋಟಿನ ಬಟ್ಟೆ ತುರುಕಿದೆವು. ಫಿಲ್ಮಿನ ತುದಿ ಕತ್ತರಿಸಲು ಅಮ್ಮ ತನ್ನ ದೊಡ್ಡ ಕತ್ತರಿಯನ್ನೇ ತಂದಿದ್ದಳು. ಅದರಲ್ಲಿ ಒಮ್ಮೆ ಪೇಪರ್ ಕತ್ತರಿಸಿದ್ದಕ್ಕೆ ನನ್ನ ಬೆನ್ನು ಮುರಿದಿದ್ದಳು! ಅಮ್ಮನ ಆಸೆ ಎಷ್ಟಿತ್ತೆಂದು ನನಗೆ ಆಗಲೇ ಗೊತ್ತಾಗಿದ್ದು.

ಬೆವರುವ ನನ್ನ ಬೆರಳಿಗೆ ಫಿಲ್ಮ್ ಬಗ್ಗಲೇ ಇಲ್ಲ.

"ಕೊಡಿಲ್ಲಿ," ಅಮ್ಮ ಕಿತ್ತುಕೊಂಡಳು. ಕರಕರ ಸದ್ದು. "ಹೂಂ, ಸುತ್ತಾಯ್ತು. ಡಬ್ಬಿಗೂ ಇಳಿಸಿದೆ. ಮುಚ್ಚಳ ಕೊಡು."

ನಾನು ನೆಲವೆಲ್ಲ ತಡಕಾಡಿದೆ. ಸೋಪು ಸಿಕ್ಕಿತು, ಚೊಂಬು ಸಿಕ್ಕಿತು, ಅಮ್ಮನ ಕಾಲು ಸಿಕ್ಕಿತು.

"ಅಮ್ಮಾ... ಮುಚ್ಚಳ ಹೊಲಿಗೆ ಮಷಿನ್ ಮೇಲೆ ಉಳಿದುಹೋಯ್ತು."

ಅಷ್ಟರಲ್ಲಿ ಬಾಗಿಲು ದಬದಬ ಬಡಿಯಿತು. ಡ್ಯೂಟಿ ಮುಗಿಸಿ ಬಂದ ಅಪ್ಪ.

"ಯಾರಿದ್ದೀರ ಒಳಗೆ? ಬೇಗ ಬನ್ನಿ, ತಡ್ಕೊಳ್ಳೋಕಾಗ್ತಿಲ್ಲ!"

"ರೀ, ಬಾಗಿಲು ಮುಟ್ಟಿದ್ರೆ ನೋಡಿ! ನಿಮ್ಮ ನಗು ಹಾಳಾಗುತ್ತೆ!" ಅಮ್ಮ ಕೂಗಿದಳು.

"ನಗು ಮನೆ ಹಾಳಾಗ, ನನಗೆ ಬೇರೆ ಅರ್ಜೆಂಟ್ ಇದೆ ಕಣೇ!"

"ಅಪ್ಪಾ, ಮಷಿನ್ ಮೇಲೆ ಕಪ್ಪು ಮುಚ್ಚಳ ಇದೆ. ಮನೆ ದೀಪ ಎಲ್ಲಾ ಆರಿಸಿ, ಪರದೆ ಎಳೆದು, ಅದನ್ನ ತಂದ್ಕೊಡು!"

ಅಪ್ಪನ ಹೆಜ್ಜೆ ಸದ್ದು ದೂರವಾಯಿತು. ಅಮ್ಮ ಡಬ್ಬಿಯನ್ನು ಮಗುವಿನಂತೆ ಅವುಚಿಕೊಂಡು ಮೆಲ್ಲಗೆ, "ಬರ್ತಾರಾ?" ಅಂದಳು. ಅಷ್ಟು ಸಣ್ಣ ದನಿಯಲ್ಲಿ ಅಮ್ಮ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಟಕ್, ಟಕ್ ಎಂದು ಸ್ವಿಚ್ಚುಗಳ ಸದ್ದು. ಸರ್ರನೆ ಪರದೆ. ಕುರ್ಚಿ ಉರುಳಿತು. "ಅಯ್ಯೋ, ನನ್ನ ಕಾಲು! ಎಲ್ಲಿದೆಯೇ ಈ ಬಾಗಿಲು? ನನ್ನ ಮನೇಲೇ ದಾರಿ ತಪ್ಪಿದೆ!" ನಾವಿಬ್ಬರೂ ಬಾಯಿಗೆ ಸೆರಗು ಒತ್ತಿ ನಗು ತಡೆದೆವು, ಸೆರಗು ಒಂದೇ ಇತ್ತು. ಬಾಗಿಲು ಕೈ ಹಿಡಿಸುವಷ್ಟು ತೆರೆಯಿತು. ಮುಚ್ಚಳ ಒಳಬಂತು. ಅಮ್ಮ ತಿರುಗಿಸಿ ಬಿಗಿದಳು. ನಾವು ಹೊರಬೀಳುವ ಮೊದಲೇ ಅಪ್ಪ ಒಳನುಗ್ಗಿದರು.

ಅಡುಗೆಮನೆಯಲ್ಲಿ ಮುಚ್ಚಳದ ತೂತಿನಿಂದ ಡೆವಲಪರ್ ಹೊಯ್ದು ಅಲ್ಲಾಡಿಸಿದೆ, ಫಿಕ್ಸರ್ ಹಾಕಿದೆ, ನೀರಲ್ಲಿ ತೊಳೆದೆ. ಫಿಲ್ಮ್ ಹೊರಗೆಳೆದು ದೀಪಕ್ಕೆ ಹಿಡಿದೆ. ಮೊದಲೆಲ್ಲ ಬೆಕ್ಕು, ಬಾಲ್ಕನಿ, ನನ್ನ ಹೆಬ್ಬೆರಳು. ಕೊನೆಗೆ ಒಂಟಿ ಕಾಲಲ್ಲಿ ಅಪ್ಪ!

ನರೆತ ತಲೆಯ ಅಪ್ಪ ಕನ್ನಡಕ ಏರಿಸಿ ದೀಪದೆದುರು ಬಗ್ಗಿದರು. ಬಿಳಿಯದೆಲ್ಲ ಕಪ್ಪಾಗುವ ನೆಗೆಟಿವ್ ಅದು.

"ಯಾರೇ ಇವನು? ತಲೆ ತುಂಬ ಕರೀ ಕೂದಲು! ಅಯ್ಯಯ್ಯೋ, ಹಲ್ಲೂ ಕರೀದೇ!"

ಹಾಗೆಂದವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಡುಗೆಮನೆಯ ಪಾತ್ರೆಗಳೆಲ್ಲ ನಡುಗುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಾನು ಕ್ಯಾಮೆರಾಗೆ ಓಡಿದೆ. ಖಾಲಿ.

"ಅಮ್ಮಾ, ಇದ್ರಲ್ಲಿ ಫಿಲ್ಮೇ ಇಲ್ಲ!"

ಅಮ್ಮ ಫಿಲ್ಮಿನ ಕಡೆ ನೋಡುತ್ತಲೇ ಇರಲಿಲ್ಲ, ಕಣ್ಣೆಲ್ಲ ಅಪ್ಪನ ಮೇಲೆ. ಒದ್ದೆ ಕೈಯಲ್ಲೇ ನನ್ನನ್ನು ಪಕ್ಕಕ್ಕೆ ಸರಿಸಿದಳು.

"ಅಡ್ಡ ನಿಲ್ಬೇಡ, ಆಚೆ ಸರಿಯೇ. ಇದು ನಂದು."